ಅರೆಬೆಳೆದ ರಕ್ತಕಣಕ್ಕೆ ಜೋಡಿ ಮದ್ದು: ರೋಗಿಯ ಜೊತೆಗಿರುವವರು ಮಾಡಬೇಕಾದ್ದು

ಬೆಳಗಾವಿ, ಕಲಬುರಗಿ ಕಡೆಯಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬರುವ ನೆಂಟರ ಜೊತೆ ಓಡಾಡುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಮಾತ್ರ ಈ ಓಡಾಟದ ಲೆಕ್ಕವೇ ಬೇರೆ. ಅದು ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯ, ವಾರ್ಡಿನ ಮಾತಿನಲ್ಲಿ ಎಪಿಎಲ್. 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಒಂದು ಪ್ರೊಟೀನು ಬಿಳಿ ರಕ್ತಕಣಗಳ ಬೆಳವಣಿಗೆಯನ್ನು ಅರ್ಧಕ್ಕೇ ತಡೆದು ನಿಲ್ಲಿಸುತ್ತದೆ. ಇದಕ್ಕೆ ಕೊಡುವುದು ಜೋಡಿ ಮದ್ದು: ವಿಟಮಿನ್ 'ಎ' ಬಳಗದ ಆಟ್ರಾ ಈ ಪ್ರೊಟೀನಿನ ಒಂದು ಭಾಗವನ್ನು ಹಿಡಿದರೆ, ಆರ್ಸೆನಿಕ್ ಟ್ರೈಆಕ್ಸೈಡ್ ಇನ್ನೊಂದನ್ನು ಹಿಡಿಯುತ್ತದೆ. ಪ್ರೊಟೀನು ಕರಗಿ, ಕಣಗಳು ಬೆಳೆದು, ಆಯಸ್ಸು ಮುಗಿಸಿ ಸಾಯುತ್ತವೆ.

2013ರಲ್ಲಿ ಪ್ರಕಟವಾದ ಇಟಲಿ–ಜರ್ಮನಿ ಅಧ್ಯಯನದಲ್ಲಿ ಬಿಳಿ ಕಣದ ಸಂಖ್ಯೆ ಮೈಕ್ರೋಲೀಟರ್ ರಕ್ತಕ್ಕೆ 10,000 ಮೀರದ ರೋಗಿಗಳಿಗೆ ಈ ಜೋಡಿ ಕೊಟ್ಟಿದ್ದರು. 2 ವರ್ಷದ ನಂತರ ಚಿಕಿತ್ಸೆ ಸೋಲದೆ, ರೋಗ ಮರಳದೆ ಬದುಕಿದ್ದವರು ಶೇ 97. ಆಟ್ರಾ ಜೊತೆ ಕಿಮೋ ಪಡೆದವರಲ್ಲಿ ಶೇ 86.

ಮೊದಲ ಹೆಜ್ಜೆ, ತಡಮಾಡಬೇಡಿ. ಎಪಿಎಲ್‌ನಲ್ಲಿ ಶುರುವಿನ ದಿನಗಳಲ್ಲಿ ಪ್ರಾಣ ತೆಗೆಯುವುದು ರಕ್ತಸ್ರಾವ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಕಂಡರೆ ಅದೇ ದಿನ ಹೊರಡಿ. ಆಸ್ಪಿರಿನ್ ಬೇಡ. ಅನುಮಾನ ಬಲವಾಗಿದ್ದರೆ ವೈದ್ಯರು ಜೀನ್ ವರದಿಗೆ ಕಾಯದೆ ಆಟ್ರಾ ಶುರುಮಾಡುತ್ತಾರೆ, ಅದು ಆತುರವಲ್ಲ.

ಆಟ್ರಾ ಕ್ಯಾಪ್ಸೂಲನ್ನು ದಿನಕ್ಕೆರಡು ಹೊತ್ತು ಊಟದ ಜೊತೆ ಕೊಡಬೇಕು. ಆರ್ಸೆನಿಕ್ ಡ್ರಿಪ್‌ನಲ್ಲಿ ಹೋಗುತ್ತದೆ. ಅಂಗಡಿಯ 'ಎ' ವಿಟಮಿನ್ ಗುಳಿಗೆಯಾಗಲಿ, ಊರ ಪಂಡಿತರ ಪಾಷಾಣ ಭಸ್ಮವಾಗಲಿ ಇದಕ್ಕೆ ಬದಲಿಯಲ್ಲ. ಆರ್ಸೆನಿಕ್ ಹೃದಯದ ಲಯ ಕೆಡಿಸಬಹುದು. ಅದಕ್ಕೇ ಪದೇಪದೇ ಇಸಿಜಿ, ಪೊಟಾಸಿಯಂ, ಮೆಗ್ನೀಸಿಯಂ ಪರೀಕ್ಷೆ. ಭೇದಿಯಾದರೆ, ಬೇರೆ ಮಾತ್ರೆ ನುಂಗಿದ್ದರೆ ಮುಚ್ಚಿಡದೆ ಹೇಳಿ.

ಜೊತೆಗಿರುವವರ ನಿಜವಾದ ಕೆಲಸ ತಕ್ಕಡಿಯ ಮುಂದೆ. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ತೂಕ ದಿಢೀರನೆ ಏರಿ, ಕಾಲು ಊದಿ, ಜ್ವರ ಅಥವಾ ಏದುಸಿರು ಬಂದರೆ ನೆಗಡಿ ಇರಬೇಕೆಂದು ಸುಮ್ಮನಿರಬೇಡಿ. ಕಣಗಳು ಬೆಳೆಯುವಾಗಲೇ ಬರುವ 'ಡಿಫರೆನ್ಶಿಯೇಶನ್ ಸಿಂಡ್ರೋಮ್' ಇದಾಗಿರಬಹುದು. ನಡುರಾತ್ರಿಯಾದರೂ ಆಸ್ಪತ್ರೆಗೆ ತಿಳಿಸಿದರೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರುತ್ತಾರೆ. ಮದ್ದು ಶುರುವಾದ ಮೇಲೆ ಬಿಳಿ ಕಣದ ಸಂಖ್ಯೆ ಏರುವುದೂ ಉಂಟು. ವರದಿ ಕೈಗೆ ಬಂದಾಗ ಮನೆಯವರ ಎದೆ ಧಸಕ್ಕೆನ್ನುತ್ತದೆ, ಆದರೆ ಮದ್ದು ಸೋತಿತು ಎಂದಲ್ಲ. ವೈದ್ಯರು ಅದಕ್ಕೆ ಬೇರೆ ಮಾತ್ರೆ ಸೇರಿಸುತ್ತಾರೆ.

ಮೂಳೆಮಜ್ಜೆ ಪರೀಕ್ಷೆಗೆ ಅವಸರಪಡಿಸಬೇಡಿ. ಎರಡನೇ ವಾರ ನೋಡಿದರೆ ಅರೆಬೆಳೆದ ಕಣಗಳು ಕಂಡು ಗೊಂದಲವೇ ಹೆಚ್ಚು.

ರೋಗ ತಗ್ಗಿದ ಮೇಲೂ ತಿಂಗಳುಗಟ್ಟಲೆ ಡ್ರಿಪ್ ಇದೆ: ವಾರಕ್ಕೆ 5 ದಿನದಂತೆ 4 ವಾರ, ಮತ್ತೆ 4 ವಾರ ಬಿಡುವು, ಹೀಗೆ 4 ಸುತ್ತು. ಆಟ್ರಾ 2 ವಾರ ಉಂಟು, 2 ವಾರ ಇಲ್ಲ. ಎರಡರ ಲೆಕ್ಕ ಬೇರೆಯಾದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದಲ್ಲಿ ಗುರುತು ಹಾಕಿ. ಡ್ರಿಪ್ ಪರೇಲಿನಲ್ಲೋ ನವಿ ಮುಂಬಯಿಯ ಖಾರಘರ್‌ನಲ್ಲಿರುವ ಟಾಟಾ ಕೇಂದ್ರದಲ್ಲೋ ಎಂದು ಮೊದಲೇ ಕೇಳಿ, ಆಮೇಲೆ ಕೋಣೆ ಹಿಡಿಯಿರಿ. ಪರೇಲಾದರೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ವಿಚಾರಿಸಬಹುದು. ಬಿಡುವಿನ ವಾರಗಳಲ್ಲಿ ಊರಿಗೆ ಹೋಗುವುದಿದ್ದರೆ ಆಟ್ರಾ ಡಬ್ಬಿ, ಕೊನೆಯ ಇಸಿಜಿ ಮತ್ತು ವಾರ್ಡಿನ ಫೋನ್ ನಂಬರು ಒಂದೇ ಚೀಲದಲ್ಲಿರಲಿ.