ಮೂರೇ ಸುತ್ತಿನ ಪೋಕೆಮಾನ್ ಟೂರ್ನಮೆಂಟ್: ಕೊಡಗಿನ ಮಳೆಯಲ್ಲಿ ನಾನು ತಯಾರಾಗುವ ಬಗೆ

ಎಂಟು ಮಂದಿ ಸೇರಿದರೆ ಸ್ವಿಸ್ ಪದ್ಧತಿಯಲ್ಲಿ (ಸೋತವರೂ ಹೊರಗೆ ಹೋಗದೆ, ಆದಷ್ಟು ತಮ್ಮಷ್ಟೇ ಅಂಕದವರ ಜತೆ ಮುಂದಿನ ಸುತ್ತು ಆಡುವ ಪದ್ಧತಿ) ಮೂರು ಸುತ್ತು ಸಾಕು. ಒಂಬತ್ತರಿಂದ ಹದಿನಾರು ಮಂದಿ ಇದ್ದರೆ ನಾಲ್ಕು ಬೇಕು. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂಥ ಊರಿನಲ್ಲಿ ಪೋಕೆಮಾನ್ ಕಾರ್ಡಿನ ಟೂರ್ನಮೆಂಟ್ ನಡೆದರೆ ಹೆಚ್ಚುಕಡಿಮೆ ಇದೇ ಗಾತ್ರ. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಬೆಂಗಳೂರಿನ ದೊಡ್ಡ ಸ್ಪರ್ಧೆಯಲ್ಲಿ ಒಂದು ಸುತ್ತು ಕೈಬಿಟ್ಟರೂ ಮೇಲೆ ಏರಿ ಬರಲು ಜಾಗವಿರುತ್ತದೆ. ಮೂರೇ ಸುತ್ತಿನಲ್ಲಿ ಅದಿಲ್ಲ, ಒಂದು ಸೋಲೆಂದರೆ ಮೂರನೇ ಒಂದು ಭಾಗ ಹೋದಂತೆ. ಆದ್ದರಿಂದ ನನ್ನ ತಯಾರಿಯೆಲ್ಲ ಒಂದೇ ಕಡೆಗೆ: ಎದುರಿನವರು ಚೆನ್ನಾಗಿ ಆಡಿ ಸೋಲಿಸಿದರೆ ಸೋಲಿಸಲಿ, ನನ್ನದೇ ಡೆಕ್ಕು, ನನ್ನದೇ ಪಟ್ಟಿ, ನನ್ನದೇ ಶೀತ ಹಿಡಿದ ಕಾರ್ಡು ನನ್ನನ್ನು ಸೋಲಿಸಬಾರದು.

ಮೊದಲು ಆಯೋಜಕರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳುತ್ತೇನೆ. ಇತ್ತೀಚಿನ ಕಾರ್ಡುಗಳಷ್ಟೇ ನಡೆಯುವ ಸ್ಟ್ಯಾಂಡರ್ಡ್ ನಿಯಮವೋ, ಹಳೆಯ ಕಾರ್ಡುಗಳೂ ನಡೆಯುತ್ತವೆಯೋ? ಸುತ್ತಿಗೆ ಒಂದೇ ಆಟವೋ, ಮೂರರಲ್ಲಿ ಎರಡೋ? ಡೆಕ್ ಪಟ್ಟಿ ಬರೆದುಕೊಡಬೇಕೋ? ಸ್ಟ್ಯಾಂಡರ್ಡ್ ಆದರೆ ಪ್ರತಿ ಕಾರ್ಡಿನ ಎಡ ಕೆಳಮೂಲೆಯಲ್ಲಿ ಪುಟ್ಟದಾಗಿ ಅಚ್ಚಾಗಿರುವ ಇಂಗ್ಲಿಷ್ ಅಕ್ಷರ ನೋಡಬೇಕು. ಆ ಅಕ್ಷರ ಚಾಲ್ತಿಯಲ್ಲಿದ್ದರೆ ಮಾತ್ರ ಕಾರ್ಡು ನಡೆಯುತ್ತದೆ, ಹಳೆಯ ಅಕ್ಷರಗಳು ಕಾಲಕಾಲಕ್ಕೆ ಹೊರಗೆ ಹೋಗುತ್ತವೆ. ಹಳೆಯ ಅಕ್ಷರದ ಕಾರ್ಡನ್ನೇ ಹೊಸದಾಗಿ ಮತ್ತೆ ಅಚ್ಚು ಹಾಕಿದ್ದರೆ ಹಳೆಯ ಪ್ರತಿಯೂ ನಡೆಯುತ್ತದೆ, ಇದು ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಡೆಕ್ಕಿನಲ್ಲಿ ಸರಿಯಾಗಿ 60 ಕಾರ್ಡು. ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರಬಾರದು, ದಾಳಿಗೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡಿಗೆ ಮಾತ್ರ ಆ ಮಿತಿ ಇಲ್ಲ. ಏಸ್ ಸ್ಪೆಕ್ ಎಂದು ಗುರುತಿರುವ ಬಲವಾದ ಕಾರ್ಡು ಇಡೀ ಡೆಕ್ಕಿಗೆ ಒಂದೇ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಲೆಕ್ಕ ಹಾಕದೆ ಬಿಡುವುದು ಮೊದಲ ಕೈಯ ವಿಚಾರ. ಏಳು ಕಾರ್ಡಿನ ಮೊದಲ ಕೈಯಲ್ಲಿ ಬೇಸಿಕ್ ಪೋಕೆಮಾನ್ (ನೇರವಾಗಿ ಇಳಿಸಬಹುದಾದ ಮೊದಲ ರೂಪ) ಒಂದೂ ಬರದಿದ್ದರೆ ಕೈಯನ್ನು ತೋರಿಸಿ, ಕಲೆಸಿ, ಮತ್ತೆ ಏಳು ಎಳೆಯಬೇಕು. ಹಾಗೆ ಆದಷ್ಟು ಸಲ ಎದುರಿನವರು ಒಂದೊಂದು ಕಾರ್ಡು ಹೆಚ್ಚಿಗೆ ಎಳೆಯಬಹುದು. ಡೆಕ್ಕಿನಲ್ಲಿ 8 ಬೇಸಿಕ್ ಇದ್ದರೆ ಹೀಗಾಗುವ ಸಂಭವ ಶೇ. 34.6. 10 ಇದ್ದರೆ ಶೇ. 26ರ ಹತ್ತಿರ. 12 ಇದ್ದರೆ ಶೇ. 19. ಶಾಲೆಯ ಮಕ್ಕಳ ಡೆಕ್ಕು ನೋಡಿದರೆ ಬೇಸಿಕ್‌ನಿಂದ ಮೇಲೆ ಬೆಳೆದ ಎರಡನೇ ಹಂತದ ದೊಡ್ಡ ದೊಡ್ಡ ಕಾರ್ಡು ತುಂಬಿರುತ್ತವೆ, ಅವನ್ನು ಇಳಿಸಲು ಬೇಕಾದ ಸಣ್ಣವು ಆರೋ ಏಳೋ ಇರುತ್ತವೆ. ನಾನು ಹತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಚಾರಿಜಾರ್ಡ್ ಇಎಕ್ಸ್ ಡೆಕ್ಕನ್ನೇ ತೆಗೆದುಕೊಳ್ಳಿ (ಇಎಕ್ಸ್ ಅಂದರೆ ಸಾದಾ ಪೋಕೆಮಾನಿಗಿಂತ ಬಲವಾದದ್ದು). ಬೇಸಿಕ್ ಆದ ಚಾರ್ಮ್ಯಾಂಡರ್ 4 ಇಡುತ್ತೇನೆ, ಅದರ ಎರಡನೇ ಹಂತವಾದ ಚಾರಿಜಾರ್ಡ್ ಇಎಕ್ಸ್ 3, ನಡುವಿನ ಹಂತ ಹಾರಿಸುವ ರೇರ್ ಕ್ಯಾಂಡಿ 4. ಚಾರಿಜಾರ್ಡ್ ಎರಡೇ ಸಾಕು ಅನ್ನುವವರಿದ್ದಾರೆ. ಆದರೆ ಆಟದ ಮೊದಲೇ ಆರು ಕಾರ್ಡು ಬಹುಮಾನವಾಗಿ ಬೋರಲು ಹೋಗುತ್ತವೆ; ಎದುರಿನವರ ಪೋಕೆಮಾನ್ ಬೀಳಿಸಿದಾಗ ಮಾತ್ರ ಅವು ನಮ್ಮ ಕೈಗೆ ಬರುತ್ತವೆ, ಆರನ್ನೂ ಮೊದಲು ತೆಗೆದವರು ಗೆದ್ದಂತೆ. ಎರಡರಲ್ಲಿ ಒಂದಾದರೂ ಅಲ್ಲಿ ಸಿಕ್ಕಿಕೊಳ್ಳುವ ಸಂಭವ ಶೇ. 19, ಒಂದೇ ಪ್ರತಿ ಇರುವ ಕಾರ್ಡಾದರೆ ಶೇ. 10. ಎಂಟು ಸುತ್ತು ಆಡುವವರಿಗೆ ಇದು ಸರಾಸರಿಯಲ್ಲಿ ಕರಗಿಹೋಗಬಹುದು, ಮೂರು ಸುತ್ತಿನವರಿಗೆ ಕರಗುವುದಿಲ್ಲ. ಹುಡುಕುವ ಕಾರ್ಡುಗಳಿಗೆ, ಅಂದರೆ ಅಲ್ಟ್ರಾ ಬಾಲ್, ನೆಸ್ಟ್ ಬಾಲ್, ಬಡ್ಡಿ-ಬಡ್ಡಿ ಪೋಫಿನ್, ಇವಕ್ಕೆಲ್ಲ ಸೇರಿ ಹತ್ತು ಜಾಗ ಬಿಡುತ್ತೇನೆ. ಕೈ ತುಂಬಿಸುವ ಸಪೋರ್ಟರ್ (ಸರದಿಗೆ ಒಂದೇ ಆಡಬಹುದಾದ ಸಹಾಯಕ ಕಾರ್ಡು) ಏಳೆಂಟು. ಮಿಂಚುವ ಇನ್ನೊಂದು ದಾಳಿಕೋರನಿಗಿಂತ ನಾಲ್ಕನೇ ನೆಸ್ಟ್ ಬಾಲ್ ಹೆಚ್ಚು ಆಟ ಗೆಲ್ಲಿಸುತ್ತದೆ ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ನಕಲಿ ಕಾರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಜಾತ್ರೆ, ದಸರಾ ಸಮಯದ ಅಂಗಡಿ, ಫ್ಯಾನ್ಸಿ ಸ್ಟೋರುಗಳಲ್ಲಿ ಅಗ್ಗಕ್ಕೆ ಸಿಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳೆಲ್ಲ ನಕಲಿ, ಟೂರ್ನಮೆಂಟಿಗೆ ನಡೆಯುವುದಿಲ್ಲ. ಕಾಗದದ ನಕಲಿ ಗುರುತಿಸಲು ಅಸಲಿ ಅಂತ ಖಚಿತವಿರುವ ಒಂದನ್ನು ಪಕ್ಕದಲ್ಲಿಟ್ಟು ಹಿಂಬದಿಯ ನೀಲಿ ಬಣ್ಣ ಹೋಲಿಸಿ. ನಕಲಿಯದು ಮಂಕಾಗಿಯೋ ನೇರಳೆಗೆ ತಿರುಗಿಯೋ ಇರುತ್ತದೆ. ಮೊಬೈಲ್ ಟಾರ್ಚು ಹಿಂದೆ ಹಿಡಿದರೆ ನಕಲಿಯಲ್ಲಿ ಬೆಳಕು ಸಲೀಸಾಗಿ ಹಾಯುತ್ತದೆ. ಅಕ್ಷರದ ದಪ್ಪವೂ ತಪ್ಪಿರುತ್ತದೆ. ಮಗು ಒಂದು ಇಂಥ ಡೆಕ್ಕು ಹಿಡಿದು ಬಂದರೆ ಸುತ್ತು ಶುರುವಾಗುವ ಮೊದಲೇ ಮೆಲ್ಲಗೆ ಹೇಳಿ, ಬೇರೆ ಡೆಕ್ಕು ಎರವಲು ಕೊಡುವುದು ಒಳ್ಳೆಯದು.

ಇನ್ನು ಶೀತ. ಕೊಡಗಿನಲ್ಲಿ ಆಡುವವರು ಬೇರೆ ಕಡೆಯವರಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲಿಯೇ. ಹೊಳೆಯುವ ಫಾಯಿಲ್ ಕಾರ್ಡಿನ ಮುಖದ ಪದರ ನೀರು ಹೀರುವುದಿಲ್ಲ, ಒಳಗಿನ ಮತ್ತು ಹಿಂದಿನ ಕಾಗದ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ಕಾಗದ ಹಿಗ್ಗುತ್ತದೆ, ಮುಖ ಹಿಗ್ಗುವುದಿಲ್ಲ, ಕಾರ್ಡು ಮುಖದ ಕಡೆಗೆ ಬಾಗುತ್ತದೆ. ಡೆಕ್ಕನ್ನು ಬೋರಲು ಇಟ್ಟಾಗ ಬಾಗಿದ ಕಾರ್ಡಿನ ಬೆನ್ನು ಉಬ್ಬಿ ಅದರ ಜಾಗದಲ್ಲಿ ಸಣ್ಣ ಸಂದು ಕಾಣುತ್ತದೆ. ಡೆಕ್ಕನ್ನು ಕಟ್ ಮಾಡಲು, ಅಂದರೆ ಎರಡು ಭಾಗ ಮಾಡಲು, ಎದುರಿನವರಿಗೆ ಕೊಟ್ಟರೆ ಪ್ರತಿ ಸಲವೂ ಅಲ್ಲಿಯೇ ಭಾಗವಾಗುತ್ತದೆ. ಡೆಕ್ಕಿನ ಹೊಳೆಯುವ ಕಾರ್ಡುಗಳು ಸಾಮಾನ್ಯವಾಗಿ ಅತಿ ಮುಖ್ಯವಾದವುಗಳೇ ಆದ್ದರಿಂದ ತೀರ್ಪುಗಾರರು ಅದನ್ನು ಗುರುತು ಮಾಡಿದ ಕಾರ್ಡು ಎಂದು ಪರಿಗಣಿಸಬಹುದು. ಬೇಕೆಂದೇ ಮಾಡಿಲ್ಲ ಎಂದರೂ ದಂಡ ತಪ್ಪುವುದಿಲ್ಲ, ಆಟವೇ ಹೋಗಬಹುದು.

ನಾನು ಮಾಡುವುದು ಇಷ್ಟು. ರಬ್ಬರ್ ಅಂಚಿನ, ಗಾಳಿಯಾಡದ ಊಟದ ಡಬ್ಬಿಯಲ್ಲಿ ಕಾರ್ಡು, ಜತೆಗೆ ಸಿಲಿಕಾ ಜೆಲ್ ಪೊಟ್ಟಣ, ಒಂದು ಚಿಕ್ಕ ತೇವಾಂಶ ಮೀಟರ್. ಮೀಟರಿನಲ್ಲಿ ಶೇ. 45ರಿಂದ 55ರ ಒಳಗೆ ಇದ್ದರೆ ಕಾರ್ಡು ನೆಟ್ಟಗಿರುತ್ತದೆ. ಜೆಲ್ ಅತಿಯಾದರೆ ಉಲ್ಟಾ ಆಗುತ್ತದೆ, ಕಾಗದ ಕುಗ್ಗಿ ಕಾರ್ಡು ಬೆನ್ನಿನ ಕಡೆಗೆ ಬಾಗುತ್ತದೆ. ಆಗ ಒಂದೆರಡು ಪೊಟ್ಟಣ ತೆಗೆಯಬೇಕು. ಗಿಟಾರ್ ಪೆಟ್ಟಿಗೆಯಲ್ಲಿ ಇಡುವ, ಶೇ. 49ಕ್ಕೆ ತಾನೇ ಹಿಡಿದು ನಿಲ್ಲಿಸುವ ಪೊಟ್ಟಣ ಸಿಕ್ಕರೆ ಈ ತಲೆನೋವೇ ಇಲ್ಲ. ಬಣ್ಣ ಬದಲಿಸುವ ಜೆಲ್ ಕೊಂಡರೆ ಯಾವಾಗ ಸೋತಿದೆ ಎಂದು ಗೊತ್ತಾಗುತ್ತದೆ, ಆದರೆ ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯದೇ ಇರಲಿ. ಮಳೆಗಾಲದ ಬಿಸಿಲಿನಲ್ಲಿ ಜೆಲ್ ಒಣಗುತ್ತದೆಂದು ನಂಬಬೇಡಿ. ಬಾಗಿದ ಕಾರ್ಡನ್ನು ದಪ್ಪ ಪುಸ್ತಕದ ಅಡಿ ಇಟ್ಟರೆ ಸಂಜೆಗೆ ನೆಟ್ಟಗಾಗಿ, ತೆಗೆದು ಹೊರಗಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಬಾಗುತ್ತದೆ. ತೇವ ಹೋಗದೆ ಭಾರ ಹೇರಿ ಪ್ರಯೋಜನವಿಲ್ಲ. ಡಬ್ಬಿಯಲ್ಲಿ ಮೂರು ನಾಲ್ಕು ದಿನ ಇಟ್ಟು, ಆಮೇಲೆ ಸ್ಲೀವು (ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ) ಹಾಕಿ. ಒಳ ಸ್ಲೀವು, ಹೊರ ಸ್ಲೀವು ಎರಡೂ ಹಾಕುವವರು ಒದ್ದೆ ಗಾಳಿಯಲ್ಲಿ ಹಾಕಿದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಅದೇ ಕಾರ್ಡಿಗೆ ಫಾಯಿಲ್ ಇಲ್ಲದ ಸಾದಾ ಪ್ರತಿ ಇದ್ದರೆ ಮಳೆಗಾಲಕ್ಕೆ ಅದೇ ಸರಿ. ಚಂದದ್ದು ಮನೆಯಲ್ಲಿರಲಿ.

ಕಾರ್ಡಿನ ಅಳತೆ 63 ಮತ್ತು 88 ಮಿಲಿಮೀಟರ್, ಹೊರ ಸ್ಲೀವು 66 ಮತ್ತು 91ರದ್ದು. ಯೂಗಿಯೋ ಎಂಬ ಇನ್ನೊಂದು ಆಟದ ಕಾರ್ಡಿಗೆಂದು ಮಾಡಿದ ಸಣ್ಣ ಸ್ಲೀವಿನಲ್ಲಿ ಇದು ಹಿಡಿಸುವುದಿಲ್ಲ, ಆನ್‌ಲೈನಿನಲ್ಲಿ ತರಿಸುವಾಗ ಅಳತೆ ಓದಿ. ಬೆನ್ನು ಮ್ಯಾಟ್ ಇರುವುದೇ ಒಳ್ಳೆಯದು: ಕರೆಂಟು ಹೋಗಿ ಟಾರ್ಚು ಬೆಳಕಿನಲ್ಲಿ ಆಡುವಾಗ ನುಣುಪು ಸ್ಲೀವು ಕಣ್ಣು ಕುಕ್ಕುತ್ತದೆ, ಸಾಲದ್ದಕ್ಕೆ ಒದ್ದೆ ಗಾಳಿಗೆ ಒಂದಕ್ಕೊಂದು ಅಂಟುತ್ತದೆ. ಅದೇ ಪ್ಯಾಕಿನಿಂದ ಐದಾರು ಸ್ಲೀವು ಎತ್ತಿಟ್ಟುಕೊಳ್ಳಿ. ನಡುವೆ ಒಂದು ಹರಿದರೆ ಬೇರೆ ಪ್ಯಾಕಿನದು ಹಾಕುವಂತಿಲ್ಲ, ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ.

ಕಲೆಸುವ ವಿಷಯದಲ್ಲಿ ಇಸ್ಪೀಟು ಆಡಿ ಬೆಳೆದ ಕೈಗೆ ಒಂದು ದೋಷವಿದೆ. ಅಂಗೈಯಲ್ಲಿ ಹಿಡಿದು ಗೊಂಚಲು ಗೊಂಚಲಾಗಿ ಮೇಲೆ ಕೆಳಗೆ ಮಾಡುವುದರಿಂದ ಅಕ್ಕಪಕ್ಕದ ಕಾರ್ಡು ಅಕ್ಕಪಕ್ಕದಲ್ಲೇ ಉಳಿಯುತ್ತವೆ. ಡೆಕ್ಕನ್ನು ಎರಡು ಭಾಗ ಮಾಡಿ ಒಂದರೊಳಗೆ ಇನ್ನೊಂದನ್ನು ಪಕ್ಕದಿಂದ ತೂರಿಸಿ ಏಳು ಸಲವಾದರೂ ಕಲೆಸಬೇಕು. ಹತ್ತು ಸಾಲಿನಲ್ಲಿ ಆರಾರು ಹಂಚುವುದು ಕಲೆಸುವುದಲ್ಲ, ಎಣಿಸುವುದು. 60 ಇದೆಯೋ ನೋಡಲು ಮಾತ್ರ ನಾನು ಅದನ್ನು ಮಾಡುತ್ತೇನೆ, ಅದೂ ಪ್ರತಿ ಸುತ್ತಿನ ಮೊದಲು. 59 ಬಂದರೆ ಉಳಿದದ್ದು ಹಿಂದಿನ ಮೇಜಿನ ಮ್ಯಾಟಿನ ಅಡಿಯಲ್ಲೋ ಹಿಂದಿನ ಎದುರಾಳಿಯ ಡೆಕ್ಕಿನಲ್ಲೋ ಇರುತ್ತದೆ. ಇಬ್ಬರ ಸ್ಲೀವೂ ಕಪ್ಪು ಆಗಿದ್ದರೆ ಇದು ಖಂಡಿತ ಆಗುವಂಥದ್ದು.

ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆಯಬೇಕು. ಪೋಕೆಮಾನ್ ಆದರೆ ಹೆಸರಿನ ಜತೆ ಸೆಟ್ಟಿನ ಸಂಕೇತ ಮತ್ತು ಕಾರ್ಡಿನ ಸಂಖ್ಯೆಯೂ ಬೇಕು, ಬರೀ ‘ಚಾರಿಜಾರ್ಡ್ 3’ ಎಂದರೆ ಯಾವ ಚಾರಿಜಾರ್ಡ್ ಎಂದು ಯಾರಿಗೂ ತಿಳಿಯದು. ಡೆಕ್ಕು ಮೇಜಿನ ಮೇಲೆ ಹರಡಿ, ನೋಡಿ ಬರೆದು, ಕೊನೆಗೆ ಅಂಕಿಗಳನ್ನು ಕೂಡಿ 60 ಬಂತೇ ನೋಡಿ. ಬಸ್ಸಿನಲ್ಲಿ ಕೂತು ಕೊನೇ ಗಳಿಗೆಗೆ ಒಂದು ಕಾರ್ಡು ಬದಲಿಸಿ ಪಟ್ಟಿ ತಿದ್ದಲು ಮರೆಯುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು.

ಚೀಲದಲ್ಲಿ: ಜಿಪ್ ಕವರಿನೊಳಗೆ ಡೆಕ್ ಬಾಕ್ಸು, ಮ್ಯಾಟು, ಡ್ಯಾಮೇಜಿಗೆ ದಾಳಗಳು, ವಿಷ ಮತ್ತು ಸುಟ್ಟ ಸ್ಥಿತಿಗೆ ಒಂದೊಂದು ಗುರುತು, ನಾಣ್ಯದ ಬದಲು ಪಾರದರ್ಶಕ ದಾಳ, ಒಣ ಹತ್ತಿ ಬಟ್ಟೆ, ಪೆನ್ನು. ಬಟ್ಟೆ ಮೇಜಿಗೂ ಕೈಗೂ. ಕಾಫಿ ಲೋಟ ಬೇರೆ ಮೇಜಿನ ಮೇಲೆ. ಇದಕ್ಕೆ ವಿನಾಯಿತಿ ಇಲ್ಲ. ನೆಟ್‌ವರ್ಕು ಬಾರದ ಕಡೆ ಕಾರ್ಡಿನ ವಿವರ ಹುಡುಕಲು ಆಗದು, ಸಂದೇಹ ಇರುವ ಕಾರ್ಡುಗಳ ನಿಯಮವನ್ನು ಮೊದಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಸೋಮವಾರಪೇಟೆ, ಗೋಣಿಕೊಪ್ಪ ಕಡೆಯಿಂದ ಬರುವವರು ಘಟ್ಟದ ರಸ್ತೆಯ ಮಂಜು, ಮಣ್ಣು ಕುಸಿತ ಲೆಕ್ಕಕ್ಕೆ ಹಿಡಿದು ಒಂದು ಬಸ್ಸು ಮುಂಚೆ ಹೊರಡಬೇಕು. ತಡವಾಗಿ ಬಂದವರಿಗೆ ಮೊದಲ ಸುತ್ತೇ ಸೋಲೆಂದು ಬರೆಯುತ್ತಾರೆ.

ಆಟಕ್ಕೆ ಬಂದರೆ, ಮೊದಲು ಆಡುವವರು ಆ ಸರದಿಯಲ್ಲಿ ದಾಳಿ ಮಾಡುವಂತಿಲ್ಲ, ಸಪೋರ್ಟರ್ ಆಡುವಂತಿಲ್ಲ. ಇಬ್ಬರೂ ತಮ್ಮ ಮೊದಲ ಸರದಿಯಲ್ಲಿ ಎವಾಲ್ವ್ ಮಾಡುವಂತಿಲ್ಲ (ಪೋಕೆಮಾನನ್ನು ಮುಂದಿನ ಹಂತಕ್ಕೆ ಏರಿಸುವಂತಿಲ್ಲ), ರೇರ್ ಕ್ಯಾಂಡಿಯೂ ಹಾಗೆಯೇ. ಎರಡನೇ ಹಂತದ ಡೆಕ್ಕಿಗೆ ಮೊದಲು ಹೋಗುವುದೇ ಲಾಭ, ಎವಾಲ್ವ್ ಆಗುವ ಸರದಿ ಬೇಗ ಬರುತ್ತದೆ.

ಡೆಕ್ಕಿನೊಳಗೆ ಮೊದಲ ಸಲ ಹುಡುಕುವಾಗಲೇ ಬಹುಮಾನದಲ್ಲಿ ಏನು ಹೋಗಿದೆ ಎಂದು ಲೆಕ್ಕ ಹಾಕುತ್ತೇನೆ. 60ನ್ನೂ ನೋಡಲು ಹೋದರೆ ಸಮಯ ಹಾಳು. ಒಂದೇ ಪ್ರತಿ ಇರುವವು, ಎರಡೇ ಇರುವವು, ಇವುಗಳ ಪಟ್ಟಿ ಬಾಯಿಪಾಠ ಇದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಕ್ರಮ: ಮೊದಲು ಹುಡುಕುವ ಕಾರ್ಡು, ಆಮೇಲೆ ಎಳೆಯುವ ಕಾರ್ಡು. ಪ್ರೊಫೆಸರ್ಸ್ ರಿಸರ್ಚ್ ಕೈಯಲ್ಲಿರುವುದನ್ನೆಲ್ಲ ಎಸೆದು ಏಳು ಎಳೆಯುತ್ತದೆ. ಅದಕ್ಕೆ ಮೊದಲು ಅಲ್ಟ್ರಾ ಬಾಲ್ ಆಡಿದರೆ, ಹೇಗೂ ಎಸೆಯಬೇಕಿದ್ದ ಎರಡು ಕಾರ್ಡಿನ ಬೆಲೆಗೆ ಬೇಕಾದ ಪೋಕೆಮಾನ್ ಸಿಗುತ್ತದೆ. ಕ್ರಮ ತಿರುಗಿದರೆ ಹೊಸದಾಗಿ ಬಂದ ಒಳ್ಳೆಯ ಎರಡನ್ನು ಎಸೆಯಬೇಕಾದೀತು.

ಬಹುಮಾನ ಆರು. ಚಾರಿಜಾರ್ಡ್‌ನಂಥ ಇಎಕ್ಸ್ ಬಿದ್ದರೆ ಎದುರಿನವರಿಗೆ ಎರಡು, ಸಾದಾ ಪೋಕೆಮಾನ್ ಬಿದ್ದರೆ ಒಂದು. ಮೂರು ಇಎಕ್ಸ್ ಸಾಲಾಗಿ ಕಳಿಸಿದರೆ ಮೂರೇ ಹೊಡೆತಕ್ಕೆ ಆಟ ಮುಗಿಯಿತು. ನಡುವೆ ಒಂದು ಸಾದಾ ಪೋಕೆಮಾನನ್ನು ಬಲಿ ಕೊಟ್ಟರೆ ಒಂದು, ಎರಡು, ಎರಡು ಸೇರಿ ಐದೇ ಆಗುತ್ತದೆ, ನಾಲ್ಕನೇ ಹೊಡೆತ ಬೇಕಾಗುತ್ತದೆ. ಆ ಒಂದು ಸರದಿಯಲ್ಲಿ ಎಷ್ಟೋ ಆಟ ತಿರುಗುತ್ತವೆ. ಚಾರಿಜಾರ್ಡ್ ಇಎಕ್ಸ್‌ಗೆ ಇದು ಇನ್ನೂ ಹೊಂದುತ್ತದೆ: ಅದರ ದಾಳಿ 180, ಎದುರಿನವರು ತೆಗೆದ ಪ್ರತಿ ಬಹುಮಾನಕ್ಕೆ 30 ಸೇರುತ್ತದೆ. ಆದರೆ ಬಾಸಸ್ ಆರ್ಡರ್ಸ್ ಇದ್ದವರು ಬೆಂಚಿನಿಂದ, ಅಂದರೆ ಹಿಂದೆ ಕಾಯುವ ಸಾಲಿನಿಂದ, ಇಎಕ್ಸನ್ನೇ ಎಳೆದು ಮುಂದಿಡುತ್ತಾರೆ. ಬೇಡದ ಇಎಕ್ಸನ್ನು ಬೆಂಚಿಗೆ ಇಳಿಸದಿರುವುದೇ ಅದಕ್ಕೆ ಮದ್ದು.

ಸಮಯ ಮೂರರಲ್ಲಿ ಎರಡರ ಸುತ್ತಿಗೆ 50 ನಿಮಿಷ, ಗಂಟೆ ಬಾರಿಸಿದ ಮೇಲೆ ಮೂರು ಸರದಿ. ಮೊದಲ ಆಟ ಕೈಮೀರಿದೆ ಎನಿಸಿದರೆ ಅಲ್ಲೇ ಬಿಟ್ಟುಕೊಡುತ್ತೇನೆ. ಹತ್ತು ನಿಮಿಷ ಎಳೆದಾಡಿ ಸೋತರೆ ಮೂರನೇ ಆಟ ಮುಗಿಯದೆ ಸಮ ಆಗುತ್ತದೆ, ಮೂರು ಸುತ್ತಿನಲ್ಲಿ 1 ಅಂಕ ಸೋಲಿನ ಪಕ್ಕದಲ್ಲೇ ನಿಂತಂತೆ. ಎದುರಿಗೆ ಚಿಕ್ಕವರು ಕೂತಾಗ ಕಾರ್ಡಿನ ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ಆಡಿ. ‘ಅಣ್ಣಾ, ಒಂದ್ನಿಮಿಷ, ವಾಪಸ್ ತಗೊಳ್ಲಾ?’ ಎಂದು ಕೇಳಿದರೆ, ಹೊಸ ಕಾರ್ಡು ಏನೂ ಕಂಡಿಲ್ಲದಿದ್ದರೆ ನಾನು ಒಪ್ಪುತ್ತೇನೆ. ಡೆಕ್ಕಿನಿಂದ ಒಂದು ಕಾರ್ಡಾದರೂ ಎಳೆದಾಗಿದ್ದರೆ ಇಲ್ಲ. ಜಗಳಕ್ಕೆ ಬಂದರೆ ತೀರ್ಪುಗಾರರನ್ನು ಕರೆಯಬೇಕು, ಪಕ್ಕದಲ್ಲಿ ನಿಂತ ಅಪ್ಪಂದಿರನ್ನಲ್ಲ.

ಕೊನೆಯಲ್ಲಿ ಇಬ್ಬರಿಗೆ 6 ಅಂಕ ಬಂದರೆ, ಯಾರ ಎದುರಾಳಿಗಳು ಹೆಚ್ಚು ಗೆದ್ದಿದ್ದಾರೆ ಎಂಬುದರ ಮೇಲೆ ಸ್ಥಾನ. ಪ್ರತಿ ಎದುರಾಳಿಯ ಗೆಲುವಿನ ಪ್ರಮಾಣ ಶೇ. 25ಕ್ಕಿಂತ ಕಡಿಮೆ ಇದ್ದರೂ 25 ಎಂದೇ ಹಿಡಿಯುತ್ತಾರೆ. ಮೊದಲ ಸುತ್ತಿನಲ್ಲಿ ಸೋತವರಿಗೆ ಮುಂದೆ ಸೋತವರೇ ಸಿಗುವುದರಿಂದ ಅವರ ಪ್ರಮಾಣ ತಗ್ಗುತ್ತದೆ, ಕೊನೆಯ ಸುತ್ತಿನಲ್ಲಿ ಸೋತವರದು ಮೇಲಿರುತ್ತದೆ. ಬೆಸ ಸಂಖ್ಯೆಯಲ್ಲಿ ಮಂದಿ ಬಂದು ಯಾರಿಗಾದರೂ ಬೈ (ಎದುರಾಳಿಯಿಲ್ಲದ ಸುತ್ತು) ಸಿಕ್ಕರೆ 3 ಅಂಕ ಬರುತ್ತದೆ, ಎದುರಾಳಿಯ ಲೆಕ್ಕಕ್ಕೆ ಅದು ಸೇರುವುದಿಲ್ಲ. ಅಂಕ ಹಂಚಿಕೊಳ್ಳಲು ಎದುರಿನವರಿಗೆ ಬೂಸ್ಟರ್ ಪ್ಯಾಕು ಕೊಡುತ್ತೇನೆ ಎನ್ನುವುದು ತಮಾಷೆಗೂ ಬೇಡ, ಅದು ಲಂಚ, ಇಬ್ಬರೂ ಹೊರಗೆ ಹೋಗಬೇಕಾದೀತು. ಫಲಿತಾಂಶದ ಚೀಟಿಗೆ ಸಹಿ ಹಾಕುವ ಮೊದಲು ಯಾರು ಗೆದ್ದರೆಂದು ಬರೆದಿದೆ ಅಂತ ಒಮ್ಮೆ ಓದಿ; ಸಹಿ ಆದಮೇಲೆ ತಿದ್ದಿಸುವುದು ಕಷ್ಟ.