ಜೋಳ ಕಾಯಲು ನೈಟ್ ವಿಷನ್ ದುರ್ಬೀನು ತಂದ ಕಥೆ

ಮೊದಲ ರಾತ್ರಿ ನನಗೆ ಕಂಡದ್ದು ಒಂದು ಎಲೆ. ಜೋಳದ ಎಲೆ. ಸುಣ್ಣ ಬಳಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಹಿಂದೆ ಎಲ್ಲ ಕಪ್ಪು. 18,000 ರೂಪಾಯಿ ಕೊಟ್ಟು ತರಿಸಿದ ಡಿಜಿಟಲ್ ನೈಟ್ ವಿಷನ್‌ನಲ್ಲಿ ಎರಡು ತಾಸು ಆ ಎಲೆಯನ್ನೇ ನೋಡಿದೆ. ಅದರಾಚೆ ಎಲ್ಲೋ ಹತ್ತಿರದಲ್ಲೇ ಹಂದಿಗಳು ಚಪ್ಪರಿಸಿ ತೆನೆ ತಿನ್ನುವ ಸದ್ದು ಕೇಳುತ್ತಿತ್ತು.

ನಮ್ಮ ಹೊಲ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನಲ್ಲಿದೆ, ಕಾಡಂಚಿಗೆ. 2011ರಲ್ಲಿ ಇಲ್ಲಿನ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮ ಮಾಡಿದರು. ಕಾಡು ಪಕ್ಕದಲ್ಲಿದ್ದ ಮೇಲೆ ಹಂದಿ ಬರುವುದೇ, ಅದಕ್ಕೆ ಯಾರನ್ನು ಬೈದು ಏನು ಬಂತು? ನಾಲ್ಕು ಎಕರೆ ತೊಗರಿ, ಎರಡು ಎಕರೆ ಹಿಂಗಾರಿ ಜೋಳ. ಜೋಳ ಮಾಲದಂಡಿ ತಳಿಯದು. ಮನೆಯ ರೊಟ್ಟಿ ಇದರಿಂದಲೇ, ಎತ್ತುಗಳ ಮೇವಿನ ಕಣಿಕೆಯೂ ಇದರಿಂದಲೇ. ನಾವು ಸೀತನಿ (ಹಾಲುಗಾಳಿನ ಎಳೆ ತೆನೆ) ಸುಟ್ಟು ತಿನ್ನುವ ಕಾಲಕ್ಕೆ ಸರಿಯಾಗಿ ಹಂದಿಗೂ ತೆನೆಯ ಹಾಲಿನ ವಾಸನೆ ಬಡಿಯುತ್ತದೆ. ಅಲ್ಲಿಂದ ಕಾಳು ಗಟ್ಟಿಯಾಗುವವರೆಗೆ ಇಪ್ಪತ್ತು ಇಪ್ಪತ್ತೈದು ರಾತ್ರಿ ನಿದ್ದೆ ಇಲ್ಲ.

ಮೊದಲು ನನ್ನ ತಲೆಗೆ ಹುಳ ಬಿಟ್ಟವನು ಅಣ್ಣನ ಮಗ. ಮೊಬೈಲ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ವಿಡಿಯೋ ತೋರಿಸಿದ. ಬಂದೂಕಿನ ಮೇಲೆ ಗುರಿ ಹಿಡಿಯುವ ದುರ್ಬೀನು, ಅಂದರೆ ಡಿಜಿಟಲ್ ಸ್ಕೋಪ್, ಕತ್ತಲಲ್ಲಿ ಹಂದಿಗಳು ಬೆಳ್ಳಗೆ ಕಾಣುತ್ತವೆ, ಢಂ ಅಂದರೆ ಒಂದು ಬೀಳುತ್ತದೆ. "ಕಾಕಾ, ಇದು ತರಸ್ರಿ. ಒಂದೇ ವಾರದಾಗ ಎಲ್ಲಾ ಖಲಾಸ್" ಅಂದ. ಅಲ್ಲಿ ಸರಿ. ಆ ಹಂದಿ ಅಲ್ಲಿಯ ಕಾಡಿನದಲ್ಲ. ಸಾಕಿದ್ದು ತಪ್ಪಿಸಿಕೊಂಡು, ಬೇಟೆಗೆಂದು ತಂದು ಬಿಟ್ಟದ್ದೂ ಅದಕ್ಕೆ ಬೆರೆತು ಹೆಚ್ಚಿದ ಸಂತಾನ. ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆ ಇದ್ದರೆ ರಾತ್ರಿಯೂ ಹೊಡೆಯಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಾಗೆ ನಮ್ಮಷ್ಟಕ್ಕೆ ನಾವು ಹೊಡೆಯುವಂತಿಲ್ಲ. ಕಾಡುಹಂದಿಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ನನ್ನ ಹತ್ತಿರ ಬಂದೂಕೂ ಇಲ್ಲ, ಜೈಲು ನೋಡುವ ಆಸೆಯೂ ಇಲ್ಲ.

ಆದರೆ ಆ ವಿಡಿಯೋ ತಲೆಯಿಂದ ಹೋಗಲಿಲ್ಲ. ಹೊಡೆಯುವುದು ಬೇಡ, ಆ ಥರ ಕಂಡರೆ ಸಾಕಲ್ವಾ ಅನಿಸಿತು. ವಿಚಾರಿಸಿ ನೋಡಿದರೆ ಸ್ಕೋಪ್‌ನ ಒಳಗಿರುವುದೂ ಕೈಯಲ್ಲಿ ಹಿಡಿಯುವ ಒಂಟಿ ಕಣ್ಣಿನ ದುರ್ಬೀನಿನ ಒಳಗಿರುವುದೂ ಹೆಚ್ಚುಕಡಿಮೆ ಒಂದೇ. ಮುಂದೆ ಲೆನ್ಸು, ಅದರ ಹಿಂದೆ ಮೊಬೈಲ್ ಕ್ಯಾಮೆರಾದಲ್ಲಿ ಇರುವಂಥ ಸೆನ್ಸಾರ್, ಕಣ್ಣಿನ ಹತ್ತಿರ ಸಣ್ಣ ಪರದೆ, ಮೇಲೊಂದು ಇನ್‌ಫ್ರಾರೆಡ್ ಬ್ಯಾಟರಿ, ಅಂದರೆ ಕಣ್ಣಿಗೆ ಕಾಣದ ಬೆಳಕು ಬಿಡುವ ಟಾರ್ಚು. ಸ್ಕೋಪ್‌ಗೆ ಇವುಗಳ ಜೊತೆ ಗುರಿಯ ಗೆರೆ ಬೇಕು, ಗುಂಡು ಹಾರಿದಾಗಿನ ಒದೆತ ತಡೆಯುವ ಗಟ್ಟಿ ಮೈ ಬೇಕು, ಆ ಒದೆತಕ್ಕೆ ಕಣ್ಣಿಗೆ ಪೆಟ್ಟಾಗದಂತೆ ಕಣ್ಣಿಗೂ ಅದಕ್ಕೂ ನಾಲ್ಕು ಬೆರಳು ಅಂತರ ಬೇಕು. ನನಗೆ ಅದ್ಯಾವುದೂ ಬೇಡ. ಒಂಟಿ ಕಣ್ಣಿನದ್ದು ತರಿಸಿದೆ.

ಇದು ಕೆಲಸ ಮಾಡುವ ರೀತಿ ತಿಳಿಯಬೇಕಾದರೆ ಟಿವಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದು, ಮೊಬೈಲ್‌ನಲ್ಲಿ ನೇರಳೆ ಚುಕ್ಕಿ ಮಿನುಗುತ್ತದೆ. (ಕೆಲವು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಕಾಣಲ್ಲ, ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.) ಅದೇ ಬೆಳಕನ್ನು ದೊಡ್ಡದಾಗಿ ಹೊಲದ ಮೇಲೆ ಬಿಟ್ಟು, ವಾಪಸ್ ಬಂದದ್ದನ್ನು ಸೆನ್ಸಾರ್ ಹಿಡಿಯುತ್ತದೆ. ಅಂದರೆ ಇದು ಕತ್ತಲಲ್ಲಿ ನೋಡುವ ಕಣ್ಣಲ್ಲ, ಗುಟ್ಟಾಗಿ ಬ್ಯಾಟರಿ ಹೊತ್ತಿಸಿಕೊಂಡು ನೋಡುವ ಕಣ್ಣು. ಇದು ಅರ್ಥವಾಗದೆ ನಾನು ಮೊದಲ ರಾತ್ರಿ ಬದುವಿನ ಮೇಲೆ, ಜೋಳದ ಸಾಲಿಗೆ ಮೂಗು ಹಚ್ಚಿ ಕೂತಿದ್ದೆ. ಬೆಳಕೆಲ್ಲ ಮುಂದಿನ ಎಲೆಗೇ ಬಡಿದು ವಾಪಸ್ ಬಂತು. ಯಂತ್ರ ಆ ಎಲೆಯ ಹೊಳಪಿಗೆ ತಕ್ಕ ಹಾಗೆ ತನ್ನನ್ನು ತಾನೇ ಮಂಕು ಮಾಡಿಕೊಂಡಿತು. ಹಿಂದಿನದೆಲ್ಲ ಮುಳುಗಿತು.

ಮಾರನೆಯ ದಿನ ಅಟ್ಟಣಿಗೆ ಎತ್ತರಿಸಿದೆ. ಅಪ್ಪ ಕಟ್ಟಿದ್ದು ಆರು ಅಡಿ ಇತ್ತು, ಜೋಳ ಅದಕ್ಕಿಂತ ಎತ್ತರ ಬೆಳೆದಿತ್ತು. ಹತ್ತು ಅಡಿಗೆ ಏರಿಸಿದ ಮೇಲೆ ಹೊಲ ಪೂರ್ತಿ ತೆರೆದುಕೊಂಡಿತು. ಯಾವ ದುಬಾರಿ ದುರ್ಬೀನಿಗಿಂತಲೂ ಆ ನಾಲ್ಕು ಅಡಿ ಬಿದಿರು ಜಾಸ್ತಿ ಕೆಲಸ ಮಾಡಿತು ಅಂತ ಈಗಲೂ ಹೇಳುತ್ತೇನೆ.

ಆಮೇಲೆ ಫೋಕಸ್. ಇದರಲ್ಲಿ ಎರಡು ಉಂಗುರ ಇರುತ್ತವೆ. ಕಣ್ಣಿನ ಹತ್ತಿರದ್ದು ನಿಮ್ಮ ಕಣ್ಣಿಗೆ ಪರದೆ ಸ್ಪಷ್ಟ ಕಾಣುವ ಹಾಗೆ ಮಾಡುವುದಕ್ಕೆ. ಪರದೆಯ ಮೂಲೆಯಲ್ಲಿರುವ ಬ್ಯಾಟರಿ ಚಿತ್ರದ ಅಂಚು ಚೂಪಾಗಿ ಕಂಡರೆ ಸರಿಯಾಯಿತು. ಒಮ್ಮೆ ಹೊಂದಿಸಿದ ಮೇಲೆ ಅದನ್ನು ಮುಟ್ಟಬಾರದು. ಮುಂದಿನದ್ದು ದೂರಕ್ಕೆ. 40 ಮೀಟರಿಗೆ ಇಟ್ಟದ್ದು 100 ಮೀಟರಿಗೆ ಮಸುಕಾಗುತ್ತದೆ, ಪ್ರತಿ ಸಲ ತಿರುಗಿಸಬೇಕು. ನಾನು ಮೊದಲ ಮೂರು ದಿನ ಕತ್ತಲಲ್ಲಿ ಒಂದರ ಬದಲು ಇನ್ನೊಂದು ತಿರುಗಿಸಿ, ಮಾಲೇ ಕೆಟ್ಟದ್ದು ಕೊಟ್ಟಿದ್ದಾರೆ ಅಂತ ಮಾರಿದವರನ್ನು ಬೈದೆ. ಕೊನೆಗೆ ಹಿಂದಿನ ಉಂಗುರಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಹಾಕಿದೆ. ಈಗ ಬೆರಳಿಗೆ ರಬ್ಬರ್ ಸಿಕ್ಕರೆ ಕೈ ತಾನೇ ಹಿಂದೆ ಸರಿಯುತ್ತದೆ. ಡಿಜಿಟಲ್‌ಗೆ ಒಂದು ಅನುಕೂಲ ಇದೆ, ಹಗಲಲ್ಲೂ ನೋಡಬಹುದು. ಸೆನ್ಸಾರ್ ಬದಲು ಬೆಳಕು ಹೆಚ್ಚಿಸುವ ಟ್ಯೂಬ್ ಇರುವ ಹಳೆಯ ನೈಟ್ ವಿಷನ್‌ಗಳಿಗೆ ಹಗಲ ಬೆಳಕು ಬಿದ್ದರೆ ಕೆಡುತ್ತವೆ. ಇದರಲ್ಲಿ ಸೂರ್ಯನ ಕಡೆ ಹಿಡಿಯದಿದ್ದರೆ ಸಾಕು. ಸಂಜೆ ಬೆಳಕಲ್ಲೇ ಬದುವಿನ ಬೇವಿನ ಮರಕ್ಕೆ, ಹಳ್ಳದ ಬಂಡೆಗೆ ಫೋಕಸ್ ಹಿಡಿದು ರೂಢಿ ಮಾಡಿಕೊಂಡೆ.

ಡಬ್ಬಿಯ ಮೇಲೆ 300 ಮೀಟರ್ ಅಂತ ಬರೆದಿದ್ದರು. ಏನೋ ಇದೆ ಅಂತ ಕಾಣುವುದು ಬೇರೆ, ಅದು ಇಂಥದ್ದೇ ಅಂತ ಗುರುತು ಹಿಡಿಯುವುದು ಬೇರೆ. ನನ್ನದರಲ್ಲಿ ಹಂದಿಯೋ ನಾಯಿಯೋ ಹೇಳಬೇಕಾದರೆ 120 ಮೀಟರ್ ಒಳಗೆ ಇರಬೇಕು. ಜೂಮ್ ಒತ್ತಿದರೆ ದೊಡ್ಡದಾಗುತ್ತದೆ, ಆದರೆ ಇಟ್ಟಂಗಿ ಜೋಡಿಸಿದ ಹಾಗೆ ಚೌಕ ಚೌಕ. ಎರಡು ಎಕರೆಗೆ ಇಷ್ಟು ಸಾಕು.

ಎಲೆಯ ಪಾಠ ಕಲಿತ ಮೇಲೆ ಮಂಜಿನ ಪಾಠ. ಡಿಸೆಂಬರಿನಲ್ಲಿ ಹಳ್ಳದ ಕಡೆಯಿಂದ ಬೆಳಗಿನ ಜಾವ ಮಂಜು ಏಳುತ್ತದೆ. ಇನ್‌ಫ್ರಾರೆಡ್ ಜೋರಾಗಿ ಇಟ್ಟಷ್ಟೂ ಪರದೆ ಹಾಲು ಚೆಲ್ಲಿದ ಹಾಗೆ. ಇದು ಲಾರಿಯವರು ಮಂಜಲ್ಲಿ ಹೈ ಬೀಮ್ ಹಾಕದ ಲೆಕ್ಕವೇ. ಇನ್‌ಫ್ರಾರೆಡ್ ಕಡಿಮೆ ಮಾಡಿದೆ, ಸ್ವಲ್ಪ ಸುಧಾರಿಸಿತು. ಆಮೇಲೆ ಪ್ರತ್ಯೇಕ ಇನ್‌ಫ್ರಾರೆಡ್ ಬ್ಯಾಟರಿಯೊಂದನ್ನು ತಂದು ಅಟ್ಟಣಿಗೆಯ ಇನ್ನೊಂದು ಗೂಟಕ್ಕೆ, ನನ್ನಿಂದ ನಾಲ್ಕು ಅಡಿ ಆಚೆ ಕಟ್ಟಿದೆ. ಬೆಳಕು ಪಕ್ಕದಿಂದ ಹೋದರೆ ಮಂಜಿಗೆ ಬಡಿದು ನೇರ ಲೆನ್ಸಿಗೆ ಬರುವುದು ಕಡಿಮೆ. ಅದನ್ನು ಕೊಳ್ಳುವಾಗ 850 ಬೇಕೋ 940 ಬೇಕೋ ಅಂತ ಕೇಳುತ್ತಾರೆ, ಅದು ಬೆಳಕಿನ ತರಂಗದ ಉದ್ದ, ನ್ಯಾನೋಮೀಟರ್ ಲೆಕ್ಕದಲ್ಲಿ. 850ರದ್ದು ದೂರ ಹೋಗುತ್ತದೆ, ಆದರೆ ಎದುರಿನಿಂದ ನೋಡಿದರೆ ಬೀಡಿಯ ತುದಿಯಂತೆ ಮಂದ ಕೆಂಪು ಕಾಣುತ್ತದೆ. 940ರದ್ದು ಕಾಣುವುದೇ ಇಲ್ಲ, ಆದರೆ ನನ್ನ ಹೊಲದಲ್ಲಿ ಅದು ಅರ್ಧ ದೂರವೂ ಮುಟ್ಟಲಿಲ್ಲ. 850 ಇಟ್ಟುಕೊಂಡೆ. ಹಂದಿ ಆ ಕೆಂಪಿಗೆ ಬೆದರಿದ್ದನ್ನು ನಾನು ನೋಡಿಲ್ಲ. ವಾಸನೆಗೆ ಬೆದರಿದ್ದನ್ನು ಮಾತ್ರ ಎಷ್ಟೋ ಸಲ ನೋಡಿದ್ದೇನೆ.

ಹೇಳಲು ನಾಚಿಕೆಯಾಗುವ ಸಂಗತಿ ಐದನೆಯ ರಾತ್ರಿಯದು. ಹನ್ನೊಂದರ ಸುಮಾರು. ತೊಗರಿಯ ಕಡೆ ಎಂಟು ಕಣ್ಣು, ಬಾಟಲಿಯ ಬೂಚಿನ ಹಾಗೆ ಫಳ ಫಳ. ಹಂದಿ ಹಿಂಡು ಬಂತು ಅಂತ ಎದೆ ಡವಗುಟ್ಟಿತು. ಹಾಗೇ ನೋಡುತ್ತಾ ಕೂತೆ. ಒಂದು ಜೋಡಿ ಕಣ್ಣು ಮೇಲೆದ್ದಿತು, ಅದರ ಮೇಲೊಂದು ಮುರಿದ ಕೊಂಬು. ಆ ಕೊಂಬು ನನಗೆ ಚೆನ್ನಾಗಿ ಗೊತ್ತು. ಊರಲ್ಲಿ ಎಲ್ಲರಿಗೂ ಗೊತ್ತು. ರಾತ್ರಿ ಹಗ್ಗ ಬಿಚ್ಚಿ ದನ ಬಿಡುವ ಪುಣ್ಯಾತ್ಮ ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದಿಂದ ತೊಗರಿಯ ತುದಿ ಮೇಯ್ದಿದ್ದೆಲ್ಲ ಹಂದಿಯ ಲೆಕ್ಕಕ್ಕೆ ಬರೆದಿದ್ದೆ! ಆಮೇಲೆ ತಿಳಿದುಕೊಂಡೆ. ದನ, ನಾಯಿ, ಬೆಕ್ಕು, ನರಿ ಇವುಗಳ ಕಣ್ಣಿನ ಹಿಂದೆ ಬೆಳಕನ್ನು ಕನ್ನಡಿಯಂತೆ ವಾಪಸ್ ಎಸೆಯುವ ಪೊರೆ ಇರುತ್ತದೆ. ಹಂದಿಗೆ ಅದಿಲ್ಲ, ಮನುಷ್ಯನಿಗೂ ಇಲ್ಲ. ಅದಕ್ಕೇ ಹಂದಿಯ ಕಣ್ಣು ಅಷ್ಟಾಗಿ ಹೊಳೆಯಲ್ಲ. ಜೋರಾಗಿ ಹೊಳೆಯುವ ಕಣ್ಣು ಕಂಡರೆ ಈಗ ನಾನು ಕಂಬಳಿ ಹೊದ್ದು ಸುಮ್ನೆ ಕೂರುತ್ತೇನೆ. ಹಂದಿಯನ್ನು ಗುರುತು ಹಿಡಿಯುವುದು ಬೆನ್ನಿನ ಗೂನಿನಿಂದ, ತಲೆ ನೆಲಕ್ಕೆ ಇಟ್ಟು ಕಲ್ಲು ಉರುಳಿದ ಹಾಗೆ ಬರುವ ನಡಿಗೆಯಿಂದ.

ಹಂದಿಗಳು ನಿಜವಾಗಿ ಕಂಡದ್ದು ಏಳನೆಯ ರಾತ್ರಿ. ಕಾಡಿನ ಕಡೆಯಿಂದ ಬರುತ್ತವೆ ಅಂತ ನಾವು ಮೂರು ತಲೆಮಾರಿನಿಂದ ಅಟ್ಟಣಿಗೆ ಆ ಕಡೆ ಹಾಕುತ್ತಿದ್ದೆವು. ಅವು ಬಂದದ್ದು ಬೆನ್ನ ಹಿಂದಿನಿಂದ, ಹಳ್ಳದ ಕಡೆಯಿಂದ. ಮಳೆಗೆ ಬದು ಕುಸಿದು ಅಲ್ಲೊಂದು ಕೊರಕಲು ಆಗಿದೆ. ಎತ್ತಿನ ಗಾಡಿ ಹೋಗುವಷ್ಟು ಅಗಲ. ಮುಂದೆ ಒಂದು ದೊಡ್ಡ ಹೆಣ್ಣು ಹಂದಿ, ಹಿಂದೆ ಒಂಬತ್ತು. ದೊಡ್ಡದು ಕೊರಕಲಿನ ಬಾಯಿಗೆ ಬಂದು ನಿಂತಿತು. ಮೂತಿ ಎತ್ತಿ ಗಾಳಿ ಮೂಸಿತು. ಹಿಂದಿನವೂ ನಿಂತವು. ಗಡಿಯಾರ ನೋಡಿದೆ, ಪೂರಾ ಎರಡು ನಿಮಿಷ. ಗಾಳಿ ಅವುಗಳಿಂದ ನನ್ನ ಕಡೆ ಬೀಸುತ್ತಿತ್ತು, ಅದು ನನ್ನ ಅದೃಷ್ಟ. ಆಮೇಲೆ ಒಂದೊಂದೇ ಒಳಗೆ ಬಂದವು. ದೊಡ್ಡ ಹಂದಿ ಒಂದು ದಂಟಿಗೆ ಭುಜ ಕೊಟ್ಟು ಬಗ್ಗಿಸಿತು, ಅದರ ಮೇಲೆ ಕಾಲಿಟ್ಟು ತೆನೆಯನ್ನು ಬಾಯಲ್ಲಿ ಎಳೆಯಿತು. ಎರಡೇ ಸಲ ಅಗಿದು ಬಿಟ್ಟು ಪಕ್ಕದ ದಂಟಿಗೆ ಹೋಯಿತು. ಅರ್ಧ ತೆನೆ ಅಲ್ಲೇ ಬಿದ್ದಿತ್ತು. ತಿಂದರೆ ತಿನ್ನಲಿ, ಪೂರ್ತಿ ತಿನ್ನಬಾರದಾ ಅನಿಸಿ ಹೊಟ್ಟೆ ಉರಿಯಿತು. ಡಬ್ಬಾ ಬಡಿದು ಕೂಗಿದೆ. ಹತ್ತೂ ಹಂದಿ ಹತ್ತು ದಿಕ್ಕಿಗೆ ಜೋಳದೊಳಗೇ ನುಗ್ಗಿದವು. ಬೆಳಿಗ್ಗೆ ನೋಡಿದರೆ ತಿಂದದ್ದಕ್ಕಿಂತ ಓಡುವಾಗ ತುಳಿದದ್ದೇ ಜಾಸ್ತಿ.

ಆ ಎರಡು ನಿಮಿಷವೇ ನನ್ನ ಕೈಗೆ ಸಿಕ್ಕ ಲಾಭ. ಹಂದಿ ಒಳಗೆ ಬರುವ ಮುಂಚೆ ನಿಂತು ಮೂಸುತ್ತದೆ. ಆಗ ಬೆದರಿಸಿದರೆ ಬಂದ ದಾರಿಗೇ ತಿರುಗುತ್ತದೆ. ಒಳಗೆ ಹೊಕ್ಕ ಮೇಲೆ ಬೆದರಿಸಿದರೆ ನಮ್ಮ ಬೆಳೆಯ ಮೇಲೇ ಓಡುತ್ತದೆ. ಮೊದಲು ಸದ್ದು ಕೇಳಿದ ಮೇಲೆ ಡಬ್ಬಾ ಬಡಿಯುತ್ತಿದ್ದೆವು, ಅಂದರೆ ಯಾವಾಗಲೂ ತಡವಾಗಿ. ಅಟ್ಟಣಿಗೆಯನ್ನು ಕಿತ್ತು ಕೊರಕಲಿನಿಂದ 50 ಮೀಟರ್ ದೂರಕ್ಕೆ ಹಾಕಿದೆ. ಸಂಜೆ ಮುಷ್ಟಿ ಹೊಟ್ಟು ತೂರಿ ಗಾಳಿ ನೋಡಿ, ಯಾವ ಮೂಲೆಗೆ ಕೂರಬೇಕು ಅಂತ ತೀರ್ಮಾನ. ಕೊರಕಲಿಗೆ ಜಾಲಿಮುಳ್ಳು ಒಟ್ಟಿದೆ, ಆದರೆ ಪೂರ್ತಿ ಮುಚ್ಚಲಿಲ್ಲ. ಮುಚ್ಚಿದರೆ ಬೇರೆ ದಾರಿ ಹುಡುಕುತ್ತವೆ, ನಾನು ಮತ್ತೆ ಆರು ಎಕರೆ ಸುತ್ತಬೇಕು. ಒಂದು ಹಂದಿ ನುಸುಳುವಷ್ಟು ಬಾಯಿ ಬಿಟ್ಟೆ. ಹಂದಿ ಅಲ್ಲಿ ಬಂದು ನಿಂತಾಗ ಮಾಮೂಲಿ ಬ್ಯಾಟರಿಯನ್ನು ಮುಖಕ್ಕೇ ಬಿಟ್ಟು ಒಂದು ಕೂಗು. ಅಷ್ಟೇ. ಕೆಲವರು ಬೇಲಿಗೆ ನೇರ ಕರೆಂಟು ಕೊಡುತ್ತಾರೆ. ನೀರು ಕಟ್ಟಲು ಹೋದ ಮನುಷ್ಯನೇ ಸಾಯುವ ಕೆಲಸ ಅದು. ನಾನಂತೂ ಆ ಕಡೆ ತಲೆ ಹಾಕಲಿಲ್ಲ.

ಸಣ್ಣ ಪುಟ್ಟ ವಿಷಯ ಎರಡಿವೆ. ಪರದೆಯ ಬೆಳಕು ಕಣ್ಣಿಗೆ ಹೊಡೆದರೆ ಆ ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ಒಮ್ಮೆ ಹಾಗೇ ಇಳಿಯಲು ಹೋಗಿ ಏಣಿಯ ಮೆಟ್ಟಿಲು ತಪ್ಪಿ ಬಿದ್ದೆ. ಈಗ ಎಡಗಣ್ಣಿಂದ ನೋಡುತ್ತೇನೆ, ಬಲಗಣ್ಣು ಏಣಿಗೆ. ಇನ್ನೊಂದು, ಇನ್‌ಫ್ರಾರೆಡ್ ಹಚ್ಚಿಟ್ಟರೆ ಸೆಲ್ಲು ನಾಲ್ಕು ತಾಸೂ ಬರಲ್ಲ. ಹತ್ತು ನಿಮಿಷಕ್ಕೊಮ್ಮೆ ಹಚ್ಚಿ, ಒಂದು ಸುತ್ತು ನೋಡಿ, ಆರಿಸುವುದು. ಹುಣ್ಣಿಮೆಯ ಆಚೆ ಈಚೆ ಮೂರು ದಿನ ಅದನ್ನು ಹಚ್ಚುವ ಅಗತ್ಯವೂ ಕಡಿಮೆ.

ಅಪ್ಪನಿಗೆ ಎಂಬತ್ತರ ಹತ್ತಿರ. ಕವಣೆ ಬೀಸಿ ಹೊಲ ಕಾದವನು. ಮೊದಲು ಇದನ್ನು ಮುಟ್ಟಲೇ ಇಲ್ಲ. ಒಂದು ರಾತ್ರಿ ಕೊಟ್ಟು ನೋಡು ಅಂದೆ. ಬಹಳ ಹೊತ್ತು ನೋಡಿದ. "ತಮ್ಮಾ, ಎಲ್ಲಾ ಬೂದಿ ಬಣ್ಣ ಕಾಣಸ್ತದಲ್ಲೋ. ಹೊಲ ಸುಟ್ಟಂಗ ಕಾಣಸ್ತದ" ಅಂದ. ಸ್ವಲ್ಪ ಹೊತ್ತು ಬಿಟ್ಟು ನನ್ನ ಮೊಣಕೈ ಹಿಡಿದು ಅಮುಕಿದ. ತಿರುಗಿಸಿ ನೋಡಿದರೆ ಬದುವಿನ ಮೇಲೆ ಮುಳ್ಳುಹಂದಿಯೊಂದು ಮುಳ್ಳು ಬಿಚ್ಚಿಕೊಂಡು, ಮದುವೆ ಮನೆಗೆ ಹೊರಟವರ ಹಾಗೆ ನಿಧಾನಕ್ಕೆ ಹೋಗುತ್ತಿತ್ತು. ಇಬ್ಬರೂ ಕೂಗಲಿಲ್ಲ. ಅದಾದ ಮೇಲೆ ಯಂತ್ರ ಅಪ್ಪನದೇ ಆಯಿತು. ನನಗೆ ಕೇಳಿದರೆ ಸಿಗುತ್ತದೆ.

ಈ ಸಲ ಜೋಳ ಹೊಡೆ ಬಿಡುತ್ತಿದೆ. ನಿನ್ನೆ ಯಂತ್ರ ಹೊರಗೆ ತೆಗೆದೆ. ಕಣ್ಣಿಗೆ ಒತ್ತುವ ರಬ್ಬರಿನ ಬಟ್ಟಲನ್ನು ಇಲಿ ಅರ್ಧ ತಿಂದು ಹಾಕಿದೆ. ಹೊಸದು ಬರುವವರೆಗೆ ಹಳೆಯ ಮೋಟರ್ ಪೈಪಿನ ವಾಷರ್ ಕತ್ತರಿಸಿ ಹಚ್ಚಿದ್ದೇನೆ.