ಲೀಸ್ಡ್ ಲೈನ್ ಇಲ್ಲದೆ ಸ್ವಂತ ಕೋ.ಇನ್ ವಿಳಾಸ

"ಲೀಸ್ಡ್ ಲೈನ್ ಇಲ್ದೆ ಡೊಮೇನ್ ಇಟ್ಕೊಂಡು ಏನ್ ಮಾಡ್ತೀರಿ?" 1996ರ ಬೆಂಗಳೂರಿನಲ್ಲಿ ಈ ಮಾತು ಹೇಳದವರಿಲ್ಲ. ಲೀಸ್ಡ್ ಲೈನ್ ಅಂದರೆ ಇಂಟರ್ನೆಟ್ಟಿಗೆ ಸದಾ ತೆರೆದಿರುವ ಬಾಡಿಗೆ ಲೈನು, ಡೊಮೇನ್ ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಹೆಸರು. ನಮ್ಮದು ಹತ್ತು-ಹನ್ನೆರಡು ಜನರ ಡಿಸೈನ್ ಕಂಪನಿ. ಇದ್ದದ್ದು ಒಂದು 486 ಕಂಪ್ಯೂಟರ್, ಒಂದು 14.4 ಮೋಡೆಮ್, ಎಸ್‌ಟಿಡಿ ಇರುವ ಫೋನು. ಅಷ್ಟರಲ್ಲೇ ನಮ್ಮ ಹೆಸರಿನ ಕೋ.ಇನ್ ವಿಳಾಸಕ್ಕೆ ಮೇಲ್ ತರಿಸಿದೆ.

ಡಾಟ್ ಕಾಮ್ ಸಿಗುತ್ತಿತ್ತು, 2 ವರ್ಷಕ್ಕೆ 100 ಡಾಲರ್. ಆದರೆ ಆಗ ಡಾಲರ್ ಕಟ್ಟುವುದೇ ದೊಡ್ಡ ಪಾಡು. ಅದಕ್ಕಿಂತ ಹೆಚ್ಚಾಗಿ, ನನ್ನ ಮನಸ್ಸೆಲ್ಲ ಡಾಟ್ ಇನ್ ಮೇಲಿತ್ತು. 1989ರಲ್ಲೇ ನಮ್ಮ ದೇಶಕ್ಕೆ ಬಂದ ಹೆಸರದು, ಮುಂಬೈನ ಸರ್ಕಾರಿ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ ನೋಡಿಕೊಳ್ಳುತ್ತಿತ್ತು. ದೇಶದ ವಿದ್ಯಾಸಂಸ್ಥೆ, ಸಂಶೋಧನಾಲಯಗಳ ಜಾಲವಾದ ಅರ್ನೆಟ್‌ನ ಮೊದಮೊದಲ ಮೇಲ್ ಓಡಿದ್ದೂ ಡಯಲ್-ಅಪ್ ಯುಯುಸಿಪಿ ಮೇಲೆಯೇ, ಅಂದರೆ ಆಗಾಗ ಫೋನ್ ಮಾಡಿ ಮೇಲ್, ಫೈಲು ಸಾಗಿಸುವ ವಿಧಾನದಲ್ಲಿ. ಅವರಿಗೆ ಆದದ್ದು ನಮಗ್ಯಾಕೆ ಆಗಬಾರದು?

ಡೊಮೇನಿನ ಮೇಲ್ ಯಾವ ಯಂತ್ರಕ್ಕೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ದಾಖಲೆಯನ್ನು ಮುಂಬೈನ ಒಂದು ಇ-ಮೇಲ್ ಸೇವೆಯವರ ಯಂತ್ರಕ್ಕೆ ತಿರುಗಿಸಿದೆ. ಅಲ್ಲಿ ಮೇಲ್ ಕ್ಯೂ ನಿಲ್ಲುತ್ತದೆ, ನಾವು ಫೋನ್ ಮಾಡಿ ಎಳೆದುಕೊಳ್ಳುತ್ತೇವೆ. ತೊಂದರೆಯಾದದ್ದು, ಡೊಮೇನಿನ ವಿಳಾಸ ಕೇಳಿದವರಿಗೆ ಉತ್ತರಿಸುವ ಎರಡನೇ ನೇಮ್‌ಸರ್ವರ್‌ಗೆ. ಮೂರು ಕಡೆ ಇಲ್ಲ ಅಂದರು. ಕೊನೆಗೆ ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿದ್ದ ಗೆಳೆಯ ಜಾಗ ಕೊಟ್ಟ.

ಮೊದಲ ಅರ್ಜಿ ವಾಪಸ್ ಬಂತು. ತಪ್ಪು ನನ್ನದೇ. ಡೊಮೇನಿನ ವಿವರ ಬರೆದಿಡುವ ಝೋನ್ ಫೈಲಿನಲ್ಲಿ, ನೇಮ್‌ಸರ್ವರ್ ಯಾವುದೆಂದು ಹೇಳುವ ಎನ್‌ಎಸ್ ಸಾಲಿನಲ್ಲಿ ಕೊನೆಯ ಚುಕ್ಕಿ ಬಿಟ್ಟಿದ್ದೆ, ಸರ್ವರ್ ಹೆಸರಿಗೆ ನಮ್ಮ ಡೊಮೇನು ಇನ್ನೊಂದು ಬಾಲವಾಗಿ ಅಂಟಿಕೊಂಡು ಕೋ.ಇನ್ ಎರಡೆರಡು ಸಲ ಬರುತ್ತಿತ್ತು. ಚುಕ್ಕಿ ಹಾಕಿದೆ, ಫೈಲು ಬದಲಾಗಿದೆ ಎಂದು ತಿಳಿಸುವ ಸೀರಿಯಲ್ ಸಂಖ್ಯೆ ಏರಿಸಲು ಮರೆತೆ. ಗೆಳೆಯನ ಸರ್ವರ್ ಹಳೇ ಪ್ರತಿಯನ್ನೇ ಹೇಳುತ್ತಾ ಕೂತಿತು. ಮೂರು ದಿನ ಹೋಯಿತು.

ಹೆಸರು ಸಿಕ್ಕಮೇಲೆ ದುಡ್ಡಿನ ಕಥೆ. ಮೊದಲ ತಿಂಗಳ ಫೋನ್ ಬಿಲ್ಲು ಸುಮಾರು 9 ಸಾವಿರ, ಪಾಲುದಾರರು ಎರಡು ದಿನ ಮಾತಾಡಲಿಲ್ಲ. ಹಗಲಿನ ಕರೆ ನಿಲ್ಲಿಸಿ ರಾತ್ರಿ 11ರ ಮೇಲಿನ ಕಾಲು ದರಕ್ಕೆ ಹೋದೆ. ಆದರೂ 1 ಎಂಬಿ ಡ್ರಾಯಿಂಗ್ ಮುಕ್ಕಾಲು ಬಂದಾಗ ಲೈನ್ ಬಿದ್ದರೆ ಮತ್ತೆ ಮೊದಲಿಂದ. ಯುಯುಸಿಪಿಯ ಜಿ ಪ್ರೋಟೋಕಾಲ್ ವಿಂಡೋವನ್ನು, ಅಂದರೆ ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸುವ ಪ್ಯಾಕೆಟ್ಟುಗಳ ಸಂಖ್ಯೆಯನ್ನು, 7ರಿಂದ 3ಕ್ಕೆ ಇಳಿಸಿದೆ, ದೊಡ್ಡ ಫೈಲುಗಳನ್ನು 100 ಕೆಬಿ ತುಂಡು ಮಾಡಿಸಿದೆ. ಬಿಲ್ಲು 2 ಸಾವಿರದ ಆಸುಪಾಸಿಗೆ ಬಂತು. ಗದ್ದಲದ ಲೈನಿನಲ್ಲೂ ಮೊದಲ ಸಲಕ್ಕೇ ಲಾಗಿನ್ ಆಗುವ ಹಾಗೆ ಲಾಗಿನ್‌ನ ಪ್ರಶ್ನೋತ್ತರ ತಾನೇ ನಡೆಸುವ ಚಾಟ್ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದ್ದೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಮೇಲ್‌ಗಳನ್ನು ಕಟ್ಟು ಕಟ್ಟಿ ಕಂಪ್ರೆಸ್ ಮಾಡಿಯೂ ನೋಡಿದೆ. ಬರೀ ಪತ್ರಗಳು ಮೂರರಲ್ಲೊಂದು ಪಾಲಾದವು. ಮೊದಲೇ ಝಿಪ್ ಆಗಿದ್ದ ಡ್ರಾಯಿಂಗ್ ಇನ್ನಷ್ಟು ಉಬ್ಬಿತು! ಪತ್ರಕ್ಕೆ ಇಟ್ಟುಕೊಂಡೆ, ಡ್ರಾಯಿಂಗಿಗೆ ಬಿಟ್ಟೆ.

2005ರ ಫೆಬ್ರವರಿಯಲ್ಲಿ ಡಾಟ್ ಇನ್ ಎಲ್ಲರಿಗೂ ತೆರೆಯಿತು. ಅದಕ್ಕೆ ಮುಂಚೆ ದೇಶದಲ್ಲೆಲ್ಲಾ ಸೇರಿ ಇದ್ದ ಹೆಸರು ಏಳು ಸಾವಿರದಷ್ಟು, ಅದರಲ್ಲಿ ನಮ್ಮದೂ ಒಂದು. ನೇರ ಡಾಟ್ ಇನ್ ಹೆಸರನ್ನೂ ಆಗ ತಗೊಂಡೆ. ಕೋ.ಇನ್ ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಹಳೇ ಗಿರಾಕಿಗಳ ಮೇಲ್ ಅಲ್ಲಿಗೇ ಬರುತ್ತದೆ.